ಕಲ್ಲುಬಾನಿಯ ನೀರ್‌ತಗಣಿ

ಚಿಂತಾಕಿಯ ನಮ್ಮ ಮನೆಗೆ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಉಣ್ಣೆ. ಸೋರದ ಮಾಳಿಗೆ ಉಣ್ಣೆಯ ಪಾಲಿಗೆ ಬಂದಿತ್ತು, ಸೋರುವುದು ನಮ್ಮ ಪಾಲಿಗೆ. ಕುರಿ ಸಾಕುವ ಮನೆಯಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ. ನಾವು ನೆನೆದರೆ ಒಣಗುತ್ತೇವೆ, ಉಣ್ಣೆ ನೆನೆದರೆ ಕೊಳೆಯುತ್ತದೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಒಂದು ಸಲ ಹೇಳಿ ಮುಗಿಸಿಬಿಟ್ಟಿದ್ದಳು. ಊಟಕ್ಕೂ ಒಬ್ಬೊಬ್ಬರಿಗೆ ಒಂದೊಂದು ಜಾಗ. ಆಯಿ ಒಲೆಯ ಪಕ್ಕ, ಅಪ್ಪ ದೊಡ್ಡಿಯ ಕುರಿಗಳು ಕಾಣುವ ಹಾಗೆ ಹೊಸ್ತಿಲ ಮೇಲೆ, ನಾನು ಕಂಬಕ್ಕೆ ಒರಗಿ. ಎಲ್ಲರದೂ ಆದ ಮೇಲೆ ಅವ್ವ ಬೀಸುಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಅಗಸಿ ಹಿಂಡಿ. ಮನೆಯ ಮುಂದೆ ದೊಡ್ಡಿ, ದೊಡ್ಡಿಯ ಮೂಲೆಯಲ್ಲಿ ಕುರಿಗಳು ನೀರು ಕುಡಿಯುವ ಒಂದು ಉದ್ದನೆಯ ಕಲ್ಲುಬಾನಿ. ನಾನು ಅದರೊಳಗೆ ಇಳಿದು ನಿಂತರೆ ನೀರು ಮೊಣಕಾಲು ದಾಟುತ್ತಿತ್ತು. ನನ್ನ ಬದುಕಿನ ಈ ಅಧ್ಯಾಯದಲ್ಲಿ ನಡೆಯುವುದೆಲ್ಲ ಬಹುತೇಕ ಆ ಬಾನಿಯ ಸುತ್ತ ನಡೆಯುತ್ತದೆ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಟ್ಟೆ.

ನನಗೆ ಎಂಟು ತುಂಬಿದ ವರ್ಷ ಅವ್ವ ಒಂದು ಗಂಡು ಕೂಸು ಹಡೆದಳು. ಅವನನ್ನು ನಾವೆಲ್ಲ ಸಣ್ಣ್ಯಾ ಅನ್ನುತ್ತಿದ್ದೆವು. ಅವನಿಗೆ ಎರಡು ತಿಂಗಳು ದಾಟಿತ್ತು. ಕುರಿಯ ಉಣ್ಣೆ ಕತ್ತರಿಸುವ ಮುಂಚೆ ಅವುಗಳನ್ನು ಕೆರೆಯಲ್ಲಿ ತೊಳೆಯುವ ರೂಢಿ ನಮ್ಮದು. ಅದಕ್ಕೆ ಇಬ್ಬರು ಬೇಕು, ಒಬ್ಬರು ಕುರಿ ಹಿಡಿಯಲು, ಒಬ್ಬರು ತಿಕ್ಕಲು. ಪ್ರತಿ ವರ್ಷ ಅಪ್ಪ ಹಿಡಿಯುತ್ತಿದ್ದ, ಅವ್ವ ತಿಕ್ಕುತ್ತಿದ್ದಳು. ಆ ದಿನ ಬೆಳಿಗ್ಗೆಯಿಂದ ಸಣ್ಣ್ಯಾನ ಮೈ ಬೆಚ್ಚಗಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡವಳು ಮತ್ತೆ ತೊಟ್ಟಿಲ ಹತ್ತಿರ ಬಂದು ನಿಂತದ್ದು ನನಗೆ ನೆನಪಿದೆ.

“ಮೈ ಬಿಸಿ ಅದ ಅತ್ತಿ. ನಾಳಿ ತೊಳದ್ರ ನಡಿಯಂಗಿಲ್ಲೇನ್ರಿ?”

“ನಾಳಿ ಕೆರಿ ಮಂದಿ ಪಾಲಿಗಿ ಹೋಗ್ತದ. ನಾ ಇದ್ದೀನಲ್ಲ. ಏಳು ಹಡದಾಕಿ ನಾ. ಹೋಗು ನೀ.”

ಅವ್ವ ಹೋದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಮೇಲೆ ಹೋದವು, ಕೈಕಾಲು ಸೆಟೆದವು. ಆಯಿ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿದಳು, ನೆತ್ತಿಗೆ ಒದ್ದೆ ಬಟ್ಟೆ ಹಾಕಿದಳು, ದೇವರ ಹೆಸರು ಒಂದನ್ನೂ ಬಿಡಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಅವಳ ಪರವಾಗಿ ಹೇಳಬೇಕಾದದ್ದು ನನ್ನ ಕರ್ತವ್ಯ. ಅವ್ವ ಕೆರೆಯಿಂದ ಒದ್ದೆ ಸೀರೆಯಲ್ಲಿ ಓಡಿಬಂದಾಗ ಮೈತುಂಬ ಕುರಿಯ ಜಿಡ್ಡಿನ ವಾಸನೆ, ಕೂಸು ತಣ್ಣಗಾಗಿತ್ತು. ಅವಳು ಅಳಲಿಲ್ಲ. ಕೈ ತೊಳೆದುಕೊಂಡು ಬಂದು ಎತ್ತಿಕೊಂಡಳು.

ಮೂರನೆಯ ದಿನದಿಂದ ಜಗಳ ಸುರುವಾಯಿತು. ಜಗಳ ಅಂದರೆ ಎರಡೇ ಮಾತು. ಆಯಿ ಒಲೆಯ ಕಡೆಯಿಂದ ಒಂದು ಅನ್ನುತ್ತಿದ್ದಳು, ಅವ್ವ ಬೀಸುಕಲ್ಲಿನಿಂದ ಒಂದು. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ದೀಪ ಹಚ್ಚುವಾಗ ಅವೇ ಎರಡು.

“ಹಾಲಗೂಸು ಬಿಟ್ಟು ಹೋದಾಕಿ ನೀ.”

“ಕಳಿಸಿದಾಕಿ ನೀವು.”

ಅಪ್ಪ ಹೊಸ್ತಿಲ ಮೇಲೆ ಕೂತು ಕದರು ತಿರುಗಿಸಿ ಉಣ್ಣೆಯ ನೂಲು ತೆಗೆಯುತ್ತಿದ್ದ. ಆ ಕದರಿನ ಸದ್ದೊಂದೇ ಅವನ ಮಾತು. ತಾಯಿಯ ಕಡೆ ಆಡಲಿಲ್ಲ, ಹೆಂಡತಿಯ ಕಡೆಯೂ ಆಡಲಿಲ್ಲ. ಅವನು ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಬಾಯಿ ಮುಚ್ಚಿಕೊಂಡವರನ್ನು ಒಳ್ಳೆಯವರು ಅನ್ನುವುದು ನಮ್ಮ ಕಡೆ ಅಗ್ಗದ ಮಾತು. ಒಂದು ವಾರ ಕಳೆದ ಮೇಲೆ ಅವ್ವ ತನ್ನ ಪಾಲಿನ ಆ ಒಂದು ಮಾತನ್ನೂ ಬಿಟ್ಟಳು. ಹದಿನೈದನೆಯ ದಿನ ಭಾಲ್ಕಿಯಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಹೋಗುವ ಮುಂಚೆ ಅವಳು ನನ್ನ ತಲೆ ಬಾಚಿ ಹೆಣಲು ಹಾಕಿದಳು, ಕಣ್ಣು ಎಳೆಯುವಷ್ಟು ಬಿಗಿಯಾಗಿ. ಆ ಹೆಣಲು ಕೆಡಬಾರದೆಂದು ನಾನು ಮೂರು ದಿನ ಮಗ್ಗುಲು ಬದಲಿಸದೆ ಮಲಗಿದೆ. ನಾಲ್ಕನೆಯ ದಿನ ಅದು ತಾನೇ ಬಿಚ್ಚಿಕೊಂಡಿತು. ಆಮೇಲೆ ಅಪ್ಪ ಹಾಕತೊಡಗಿದ. ಅವನಿಗೆ ಗೊತ್ತಿದ್ದದ್ದು ಕುರಿಬಲೆಯ ಹಗ್ಗ ಹೊಸೆಯುವುದು. ಸಾಲಿಯಲ್ಲಿ ನನ್ನ ಜಡೆ ನೋಡಿ ಹುಡುಗಿಯರು, ಇದಕ್ಕೆ ಟಗರು ಕಟ್ಟಬಹುದು ಎಂದರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಏನೂ ಬರುತ್ತಿರಲಿಲ್ಲ.

ಕುರಿಗಳನ್ನು ಅಪ್ಪನ ದಾಯಾದಿಯೊಬ್ಬ ಮೇಯಿಸಲು ಹೊಡೆದುಕೊಂಡು ಹೋಗಿದ್ದ. ದೊಡ್ಡಿ ಖಾಲಿಯಾಯಿತು. ಬಾನಿಯಲ್ಲಿ ಮೊದಲ ಮಳೆಯ ನೀರು ತುಂಬಿ, ಕುಡಿಯುವವರಿಲ್ಲದೆ ಪಾಚಿ ಕಟ್ಟಿತು. ಕಣಕಿಯ ಬಣಿವೆಯಿಂದ ಜಾರಿದ ಒಂದು ಜೋಳದ ದಂಟು ಬಾನಿಯ ಬಿರುಕಿಗೆ ಸಿಕ್ಕಿ ನೀರಿನಲ್ಲಿ ನೆಟ್ಟಗೆ ನಿಂತಿತ್ತು. ಆ ವರ್ಷವೇ ಊರಿಗೆ ಕರೆಂಟು ಬಂದು ನಮ್ಮ ಮನೆಯ ಮುಂದಿನ ಕಂಬಕ್ಕೆ ಬಲ್ಬು ಹಾಕಿದ್ದರು. ಒಂದು ಸಂಜೆ, ದೀಪ ಹತ್ತಿದ ಸ್ವಲ್ಪ ಹೊತ್ತಿಗೆ, ಯಾರೋ ಕಲ್ಲು ಎಸೆದ ಹಾಗೆ ಬಲ್ಬಿನ ತಗಡಿಗೆ ಏನೋ ಬಡಿದು ಅಂಗಳಕ್ಕೆ ಬಿತ್ತು. ಹೋಗಿ ನೋಡಿದರೆ ಹುಳ. ಆಯಿಯ ನಡುಬೆರಳಿಗಿಂತ ಉದ್ದ, ಒಣಗಿದ ಮುತ್ತಲ ಎಲೆಯ ಬಣ್ಣ, ಮುಂದಿನ ಎರಡು ಕಾಲು ಇಕ್ಕಳದ ಹಾಗೆ. ಅಷ್ಟು ದೊಡ್ಡ ಹಾರುವ ಹುಳವನ್ನು ನಾನು ನೋಡಿರಲಿಲ್ಲ. ಅಪ್ಪ ಎದ್ದು ಬಂದು ಎರಡು ಬೆರಳಿನಲ್ಲಿ ಅದರ ಬೆನ್ನು ಹಿಡಿದು ಬಾನಿಯ ನೀರಿಗೆ ಬಿಟ್ಟ.

“ನೀರ್‌ತಗಣಿ ಇದು. ನೀರಾಗ ಇರ್ತದ, ಮಳಿ ಬಿದ್ರ ಹಾರ್ತದ. ಕೈ ಹಾಕಬ್ಯಾಡ.”

ಅವ್ವ ಹೋದ ಮೇಲೆ ಅವನು ನನಗೆ ಹೇಳಿದ ಅತಿ ಉದ್ದದ ಮಾತು ಅದು. ಮರುವಾರ ಬಾನಿಯಲ್ಲಿ ಅಂಥವು ಎರಡು ಕಂಡವು. ಅದರ ಮರುದಿನ ಮತ್ತೆ ಒಂದೇ. ನೀರಿನ ಮೇಲೆ ನಿಂತಿದ್ದ ದಂಟಿನ ತುದಿಗೆ ಜೋಳದ ತೆನೆಯ ಹಾಗೆ ಒತ್ತಾಗಿ ತತ್ತಿಗಳು ಅಂಟಿದ್ದವು, ಕಂದು ಗೆರೆಯವು. ಉಳಿದ ಆ ಒಂದು ನೀರ್‌ತಗಣಿ ಹಗಲೆಲ್ಲ ದಂಟಿನ ಬುಡದಲ್ಲಿ, ನೀರೊಳಗೆ ತಲೆಕೆಳಗಾಗಿ ಕಾದಿರುತ್ತಿತ್ತು. ಬೆಳಿಗ್ಗೆ ಮತ್ತು ಸಂಜೆ ಒದ್ದೆ ಮೈಯಲ್ಲಿ ಮೇಲೆ ಹತ್ತಿ ಬಂದು ತತ್ತಿಗಳ ಮೇಲೆ ಕೂತು ಅವನ್ನು ತೋಯಿಸಿ ಮತ್ತೆ ಇಳಿಯುತ್ತಿತ್ತು. ನಾನು ಸಾಲಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅದನ್ನು ನೋಡುತ್ತ ಕೂರುತ್ತಿದ್ದೆ. ಒಂದು ಸಂಜೆ ಆಯಿಯೂ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ನೋಡು. ಹುಳ ಆದ್ರೂ ತಾಯಿ ತಾಯೀನೇ. ತತ್ತಿ ಬಿಟ್ಟು ಕದಲಂಗಿಲ್ಲ. ನಿಮ್ಮವ್ವಗ ಅಷ್ಟೂ ಇಲ್ಲ.”

ಹೊಸ್ತಿಲ ಮೇಲೆ ಅಪ್ಪನ ಕದರು ನಿಂತಿತು. ನಾನು ತಿರುಗಿ ನೋಡಿದೆ. ಅವನು ಬಾಯಿ ತೆರೆದ ಹಾಗೆ ಕಂಡಿತು. ಆಮೇಲೆ ಕದರು ಮತ್ತೆ ತಿರುಗತೊಡಗಿತು.

ಕೈ ಹಾಕಬೇಡ ಎಂದದ್ದಕ್ಕೇ ಒಂದು ದಿನ ಕೈ ಹಾಕಿದೆ. ತತ್ತಿಗಳು ಗಟ್ಟಿಯೋ ಮೆತ್ತಗೋ ಎಂದು ಮುಟ್ಟಿ ನೋಡಬೇಕಿತ್ತು. ನೀರೊಳಗಿಂದ ಅದು ಬಂದದ್ದೇ ಕಾಣಲಿಲ್ಲ. ತೋರುಬೆರಳಿಗೆ ಕಚ್ಚಿತು. ಮೊದಲು ಕೆಂಡ ಹಿಡಿದಂತೆ ಉರಿ, ಮೊಣಕೈವರೆಗೆ. ಅಪ್ಪ ಬೆರಳು ಹಿಂಡಿ ಹಿಂಡಿ ತೊಳೆದು ಹುಣಸೆಹಣ್ಣು ಕಟ್ಟಿದ. ಆಯಿ ಆ ಹುಳವನ್ನು ಜಜ್ಜಿಹಾಕು ಎಂದಳು. ಅಪ್ಪ ಜಜ್ಜಲಿಲ್ಲ.

“ಅದರದೇನು ತಪ್ಪಿಲ್ಲವ್ವ. ಅದಕ ಕಾಯೋದು ಬಿಟ್ರ ಬ್ಯಾರೆ ಕೆಲಸ ಗೊತ್ತಿಲ್ಲ.”

ಉರಿ ಇಳಿದ ಮೇಲೆ ಬೆರಳಿಗೆ ಜೋಮು ಹಿಡಿಯಿತು. ಬಹಳ ದಿನ ಆ ಬೆರಳು ನನ್ನದಲ್ಲ ಎಂಬಂತಿತ್ತು. ಜಾಲಿ ಮುಳ್ಳು ಚುಚ್ಚಿ ನೋಡುತ್ತಿದ್ದೆ, ರಕ್ತ ಬರುತ್ತಿತ್ತು, ನೋವು ಬರುತ್ತಿರಲಿಲ್ಲ. ಅದು ನನಗೆ ಹಿತವೆನಿಸಿತು ಎಂದು ಹೇಳಿದರೆ ಸುಳ್ಳಾಗುವುದಿಲ್ಲ. ಮುಂದೆ ಬೀದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಮೂವತ್ತು ವರ್ಷ ದುಡಿದೆ. ಎಂಥ ಗಾಯ ತೊಳೆದರೂ ಈಕೆಯ ಕೈ ನಡುಗುವುದಿಲ್ಲ ಎಂದು ಡಾಕ್ಟರರು ಹೊಗಳುತ್ತಿದ್ದರು. ಆ ಕೈ ಎಲ್ಲಿ ತಯಾರಾಯಿತು ಎಂದು ಯಾರೂ ಕೇಳಲಿಲ್ಲ.

ಇಲ್ಲಿ ನಮ್ಮ ಮನೆತನದ ಒಂದು ರೂಢಿಯನ್ನು ಹೇಳಬೇಕು. ಸೊಸೆ ಮುನಿದು ತವರಿನಲ್ಲಿ ಉಳಿದರೆ ಗಂಡನಾಗಲಿ ಅತ್ತೆಯಾಗಲಿ ಕರೆಯಲು ಹೋಗುವುದಿಲ್ಲ. ಮನೆಯ ಕೂಸೊಂದು ಬುತ್ತಿ ಒಯ್ಯುತ್ತದೆ. ಅವಳು ತನ್ನ ಕೈಯಾರೆ ಬುತ್ತಿಯ ಗಂಟು ಬಿಚ್ಚಿ ಒಂದು ತುತ್ತು ಮುರಿದರೆ ಬರುತ್ತಾಳೆ ಎಂದರ್ಥ. ಗಂಟು ಬಿಚ್ಚದೆ ತಿರುಗಿ ಕಳಿಸಿದರೆ ಮುಗಿಯಿತು. ಮತ್ತೆ ಯಾರೂ ಕರೆಯುವ ಹಾಗಿಲ್ಲ, ಅವಳೂ ಬರುವ ಹಾಗಿಲ್ಲ. ಬುತ್ತಿ ಒಂದೇ ಸಲ.

ಆ ಬುತ್ತಿಯನ್ನು ಆಯಿಯೇ ಕಟ್ಟಿದಳು, ಯಾರೂ ಹೇಳದೆ. ಕಣ್ಣು ಮಂಜಾಗಿದ್ದರೂ ತಾನೇ ರೊಟ್ಟಿ ಬಡಿದಳು, ಎಳ್ಳು ಹಚ್ಚಿದಳು, ಅವ್ವನಿಗೆ ಸೇರುವ ಹುರಿದ ಶೇಂಗಾ ಹಿಂಡಿ ಕುಟ್ಟಿದಳು. ಅಂದರೆ ಆಯಿ ಸೋತಿದ್ದಳು. ಎಂಟು ವರ್ಷದವಳಿಗೆ ಅದು ತಿಳಿಯಲಿಲ್ಲ. ತನ್ನ ಸೀರೆಯ ಸೆರಗನ್ನೇ ಹರಿದು ಅದರಲ್ಲಿ ಎಲ್ಲ ಇಟ್ಟು ಅಪ್ಪನ ಕಡೆ ಸರಿಸಿದಳು. ಅಪ್ಪ ಅದನ್ನು ದೊಡ್ಡಿಯ ಕಡೆ ಒಯ್ದು ಗಂಟು ಹಾಕಿ ತಂದ. ಹೊರಡುವ ಮುಂಚೆ ನಾನು ಬಾನಿಯ ಹತ್ತಿರ ಓಡಿದೆ. ಹಿಂದಿನ ದಿನವೇ ತತ್ತಿ ಒಡೆದು ಸಣ್ಣ ಸಣ್ಣ ಮರಿಗಳು ನೀರಿಗೆ ಬಿದ್ದಿದ್ದವು. ಈಗ ದಂಟಿನ ತುದಿ ಇರಲಿಲ್ಲ, ಮುರಿದಿತ್ತು. ಯಾವುದೋ ಆಡು ತಿಂದಿರಬೇಕು ಎಂದುಕೊಂಡೆ.

“ಮನಿ ದೀಪ ನಿನ್ನ ದಾರಿ ಕಾಯ್ಲತ್ತದ, ಬಾ ಅಂತ ಅನ್ನು,” ಆಯಿ ಹೇಳಿಕೊಟ್ಟಳು. “ಅದರ ಮ್ಯಾಲ ಒಂದ್ ಮಾತು ಆಡಬ್ಯಾಡ.”

ಔರಾದಿನಲ್ಲಿ ಬಸ್ಸು ಬದಲಿಸಿ ಭಾಲ್ಕಿ ತಲುಪಿದಾಗ ಬಿಸಿಲು ಏರಿತ್ತು. ಮಾಮನ ಮನೆಯ ಓಣಿಯ ಬಾಯಿಯಲ್ಲಿ ಒಂದು ಬೇವಿನ ಮರ. ಅಪ್ಪ ಅದರ ಕೆಳಗೆ ಕೂತುಬಿಟ್ಟ, ಅದಕ್ಕಿಂತ ಮುಂದೆ ಅವನು ಬರುವ ಹಾಗಿರಲಿಲ್ಲ. ನಾನು ಬುತ್ತಿಯನ್ನು ಎದೆಗೆ ಅವಚಿಕೊಂಡು ನಡೆದೆ. ಅವ್ವ ಪಡಸಾಲೆಯಲ್ಲಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ತೆಳ್ಳಗಾಗಿದ್ದಳು. ನಾನು ಬುತ್ತಿ ಮುಂದಿಟ್ಟು ಹೇಳಿಕೊಟ್ಟ ಮಾತನ್ನು ಗಿಳಿಪಾಠದಂತೆ ಒಪ್ಪಿಸಿದೆ. ಅವಳು ನನ್ನ ಜಡೆಯನ್ನು ನೋಡಿದಳು, ಆಯಿಯ ಸೀರೆಯ ಆ ತುಂಡನ್ನು ನೋಡಿದಳು. ಮೊರ ಬದಿಗೆ ಸರಿಸಿದಳು. ಕೈ ಒರೆಸಿಕೊಂಡು ಗಂಟಿಗೆ ಬೆರಳು ಹಾಕಿದಳು. ಗಂಟು ಸಡಿಲಾಯಿತು. ಅದನ್ನು ನಾನು ನೋಡಿದೆ, ಸಡಿಲಾದದ್ದನ್ನು.

ಆಗ ನಾನು ಬಾಯಿ ಬಿಟ್ಟೆ.

“ಅವ್ವ, ನಮ್ಮ ಬಾನ್ಯಾಗ ಒಂದು ನೀರ್‌ತಗಣಿ ಅದ. ಹುಳ ಆದ್ರೂ ಅದು ತತ್ತಿ ಬಿಟ್ಟು ಹೋಗಿಲ್ಲ.”

ಯಾಕೆ ಹಾಗೆ ಅಂದೆ? ಅವಳು ಬರುತ್ತಾಳೆಂಬ ಸಂತೋಷಕ್ಕೆ, ನನ್ನ ಹತ್ತಿರ ಇದ್ದ ಒಂದೇ ಒಂದು ಸುದ್ದಿಯನ್ನು ಹೇಳಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಮೂರು ದಿನದ ಆ ಹೆಣಲಿನ ಸಿಟ್ಟಿಗೆ ಅಂದೆ ಎಂದೂ ಕೆಲವು ವರ್ಷ ನಂಬಿದ್ದೆ. ಎರಡೂ ನಿಜವಿರಬೇಕು. ಅವ್ವನ ಕೈ ನಿಂತಿತು. ಅವಳ ಮುಖದಲ್ಲಿ ಏನೂ ಆಗಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಸಡಿಲಾದ ಗಂಟನ್ನು ಅವಳು ಮತ್ತೆ ಬಿಗಿದಳು. ಅದರ ಮೇಲೆ ಇನ್ನೊಂದು ಗಂಟು ಹಾಕಿದಳು.

“ಒಯ್ಯಿ.”

ಮೊರ ಮತ್ತೆ ಮಡಿಲಿಗೆ ಬಂತು. ನಾನು ಬುತ್ತಿ ಎತ್ತಿಕೊಂಡು ಹೊರಟೆ. ಬೇವಿನ ಮರದ ಕೆಳಗೆ ಅಪ್ಪ ಮೊದಲು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ನೋಡಿದ, ಆಮೇಲೆ ಬುತ್ತಿಯನ್ನು ನೋಡಿದ. ತಾನು ಹಾಕಿದ್ದು ಒಂದು ಗಂಟು, ಈಗ ಎರಡಿದ್ದವು. ಅದರ ಮೇಲೆ ಹೆಬ್ಬೆರಳು ಆಡಿಸಿದ.

“ಹಸಿವಾಗ್ಯದೇನು?” ಅಂದ.

ಬಸ್‌ಸ್ಟ್ಯಾಂಡಿನಲ್ಲಿ ಭಜಿ ಕೊಡಿಸಿದ, ನಾನು ತಿಂದೆ. ನಾನು ಏನು ಅಂದೆ ಎಂದು ಅವನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಬುತ್ತಿ ಬಿಚ್ಚಿದವಳು ಆಯಿ. ರೊಟ್ಟಿಗಳು ಹಾಗೇ ಇದ್ದವು. ಎರಡು ರೊಟ್ಟಿಗಳ ನಡುವೆ ಒಂದು ದಂಟಿನ ತುಂಡು, ಅದಕ್ಕೆ ಒಡೆದ ತತ್ತಿಗಳ ಸಿಪ್ಪೆ ಅಂಟಿಕೊಂಡಿತ್ತು.

“ಉಣ್ಣೋ ಬುತ್ತ್ಯಾಗ ಇದೇನು ಹೊಲಸು?” ಎಂದು ಆಯಿ ನನ್ನ ಕಡೆ ನೋಡಿ ಅದನ್ನು ಒಲೆಗೆ ಹಾಕಿದಳು. ನಾನು ಆಟಕ್ಕೆ ಇಟ್ಟದ್ದು ಎಂದು ತಿಳಿದಿರಬೇಕು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಹೊಸ್ತಿಲ ಮೇಲೆ ಕದರು ತಿರುಗುತ್ತಿತ್ತು.

ಮತ್ತೆ ಯಾರೂ ಕರೆಯಲು ಹೋಗಲಿಲ್ಲ. ಅವ್ವ ಭಾಲ್ಕಿಯಲ್ಲೇ ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಅಪ್ಪ ಬೇರೆ ಲಗ್ನವಾಗಲಿಲ್ಲ. ನನ್ನ ಜಡೆಯನ್ನು ನಾನೇ ಹಾಕಿಕೊಳ್ಳುವುದು ಕಲಿಯುವವರೆಗೆ ಹಗ್ಗ ಹೊಸೆದ, ನನ್ನನ್ನು ಓದಿಸಿದ, ಮದುವೆ ಮಾಡಿದ. ಅವ್ವ ಮತ್ತು ನಾನು ನೆಂಟರ ಮದುವೆಗಳಲ್ಲಿ ಎದುರಾಗುತ್ತಿದ್ದೆವು. ಊಟ ಆಯ್ತೇನ್ರಿ, ಆರಾಮಿದ್ದೀರೇನ್ರಿ ಎಂದು ಹೆತ್ತವಳಿಗೆ ‘ರಿ’ ಹಚ್ಚಿ ಮಾತಾಡಿದ ಮಗಳು ನಾನು. ಆಯಿ ಸತ್ತಾಗ ಅವಳು ಬರಲಿಲ್ಲ. ಅಪ್ಪ ಸತ್ತಾಗ ಬಂದಳು, ಒಳಗೆ ಕಾಲಿಡದೆ ಬಾನಿಯ ಅಂಚಿನ ಮೇಲೆ ಕೂತಿದ್ದು ಮಣ್ಣಾದ ಮೇಲೆ ಹೋದಳು. ಕೆಲವು ವರ್ಷಗಳ ಹಿಂದೆ ಬಿದ್ದು ಸೊಂಟ ಮುರಿದುಕೊಂಡಾಗ ಮಾಮನ ಮಕ್ಕಳು ಫೋನು ಮಾಡಿದರು. ನಾನು ಹೋಗಿ ಬೀದರಿಗೆ, ಚಿದ್ರಿಯ ನನ್ನ ಮನೆಗೆ ಕರೆದುಕೊಂಡು ಬಂದೆ. ಬುತ್ತಿಯಿಲ್ಲ, ಮಾತಿಲ್ಲ. ಸೊಂಟ ಮುರಿದವರಿಗೆ ರೂಢಿ ಅಡ್ಡಬರುವುದಿಲ್ಲ. ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗೆ ಇದ್ದೆವು. ಮಾತ್ರೆ ಕೊಡುತ್ತಿದ್ದೆ, ತಲೆ ಬಾಚುತ್ತಿದ್ದೆ. ಜಡೆಯನ್ನು ಮಾತ್ರ ಬಿಗಿ ಮಾಡುತ್ತಿರಲಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ, ಬೀದಿಯ ದೀಪ ಹತ್ತಿದ ಹೊತ್ತು, ನಮ್ಮ ಗೇಟಿಗೆ ಏನೋ ಠಪ್ಪೆಂದು ಬಡಿಯಿತು. ಬಿಎಸ್ಸಿ ಓದುವ ನನ್ನ ಮಗಳು ಹೋಗಿ ಅದನ್ನು ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಹಾಕಿಕೊಂಡು ಒಳಗೆ ತಂದಳು. ನೋಡಿದ ಕೂಡಲೇ ನನ್ನ ತೋರುಬೆರಳು ಮಡಚಿಕೊಂಡಿತು. ನಾನು ಕೊತ್ತಂಬರಿ ಸೋಸುತ್ತಿದ್ದೆ, ಅವ್ವ ಎದುರಿನ ಮಂಚದ ಮೇಲೆ ಕೂತಿದ್ದಳು. ಮಗಳು ಫೋನಿನಲ್ಲಿ ನೋಡಿ ಓದತೊಡಗಿದಳು.

“ದೈತ್ಯ ನೀರು ತಿಗಣೆ ಅಂತ ಹೆಸರಂತ. ಮಮ್ಮಿ, ಇದರ ತತ್ತಿ ಕಾಯೋದು ಗಂಡಂತ. ಹೆಣ್ಣು ತತ್ತಿ ಇಟ್ಟು ಹೋಗಿಬಿಡ್ತದಂತ. ಒಡಿಯೋ ತನಕ ನೀರು ಹಾಕಿ ಕಾಯೋದೆಲ್ಲ ಅಪ್ಪಂದೇ.”

ಅವಳು ಟಬ್ಬನ್ನು ಅಲ್ಲೇ ಇಟ್ಟು ಗೆಳತಿಗೆ ತೋರಿಸಲು ಫೋನು ಹಿಡಿದುಕೊಂಡು ಹೊರಗೆ ಹೋದಳು. ನಾನು ಕೊತ್ತಂಬರಿ ಸೋಸುವುದನ್ನು ನಿಲ್ಲಿಸಲಿಲ್ಲ. ಸೋಸಿ ಮುಗಿಸಿ, ಬೇರುಗಳನ್ನು ಬೇರೆ ಮಾಡಿ, ಆಮೇಲೆ ಅವ್ವನ ಕಡೆ ನೋಡಿದೆ.

“ಕೇಳಿಸ್ತೇನ್ರಿ ಅವ್ವ? ಗಂಡಂತ ಅದು.”

“ಗೊತ್ತದ,” ಅವ್ವ ಅಂದಳು. “ಲಗ್ನಾದ ವರ್ಷ ಕೆರಿ ದಂಡಿಗಿ ನಿಮ್ಮಪ್ಪನೇ ತೋರಿಸಿದ್ದ. ನೋಡು, ಗಂಡು ಕುಂತದ, ಹೆಣ್ಣು ತಿರಗ್ಯಾಡ್ಲಿಕ್ಕಿ ಹೋಗ್ಯದ ಅಂದಿದ್ದ. ಇಬ್ಬರೂ ನಕ್ಕಿದ್ದೆವು.”

ಅಂದರೆ ಅಪ್ಪನಿಗೂ ಗೊತ್ತಿತ್ತು. ಅಂದು ನಿಂತ ಕದರು ನೆನಪಾಯಿತು.

“ಗೊತ್ತಿದ್ದೂ ಮತ್ತ ಗಂಟು ಯಾಕ ಬಿಗಿದ್ರಿ?”

ಅವ್ವ ತನ್ನ ಮೊಣಕಾಲು ನೀವಿಕೊಂಡಳು.

“ಹುಳಕ್ಕ ಬಿಗಿಲಿಲ್ಲ. ಸಣ್ಣ್ಯಾನ್ನ ನಾನೇ ಕೊಂದೆ ಅಂತ ನೀನೂ ತಿಳದೀದಿ ಅನಕೊಂಡೆ. ನಿಮ್ಮ ಆಯಿ ಬಾಯಿ ಅಂದ್ರ ನಾ ತಡಕೋತಿದ್ದೆ. ನಿನ್ನ ಬಾಯಿ ಹ್ಯಾಂಗ ತಡಕೊಳ್ಳಿ?”

“ನಾ ಹಾಂಗ ತಿಳಿದಿರಲಿಲ್ಲರಿ. ನನಗ ಹುಳ ಒಂದೇ ಗೊತ್ತಿತ್ತು.”

“ಹಾಂ,” ಅಂದಳು.

ಐವತ್ತು ವರ್ಷದ ಲೆಕ್ಕಕ್ಕೆ ಬಂದ ಉತ್ತರ ಅಷ್ಟೇ. ನನಗೆ ದುಃಖವಾಗಬೇಕಿತ್ತು. ಆಗ ಏನೂ ಆಗಲಿಲ್ಲ, ಬೆರಳಿನ ಹಾಗೆ. ಎದ್ದು ಒಲೆ ಹಚ್ಚಬೇಕೆಂದುಕೊಳ್ಳುವಾಗ ಅವ್ವ ಕೇಳಿದಳು.

“ಬುತ್ತ್ಯಾಗ ಏನಿತ್ತು ಆವತ್ತು?”

ಅವಳು ಬಿಚ್ಚಿರಲಿಲ್ಲ. ಇಷ್ಟು ವರ್ಷ ಅವಳಿಗೆ ಅದು ಗೊತ್ತೇ ಇರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

“ಎಳ್ಳು ಹಚ್ಚಿದ ರೊಟ್ಟಿ. ಆಯಿ ಬಡಿದದ್ದು.”

“ಮತ್ತ?”

“ಶೇಂಗಾ ಹಿಂಡಿ. ನಿಮಗ ಸೇರ್ತದ ಅಂತ ಕುಟ್ಟಿದ್ಲು.”

“ಮತ್ತ?”

“ಮತ್ತ ಒಂದು ಜೋಳದ ದಂಟಿನ ತುಂಡು. ನೀರ್‌ತಗಣಿ ತತ್ತಿ ಇಟ್ಟದ್ದು. ಒಡದ ಸಿಪ್ಪಿ ಹಂಗೇ ಇತ್ತು. ಹೊಲಸು ಅಂತ ಆಯಿ ಒಲಿಗಿ ಹಾಕಿದ್ಲು. ಗಂಟು ಕಟ್ಟಿದಾಂವ ಅಪ್ಪ…”

ಹೇಳುತ್ತ ಹೇಳುತ್ತಲೇ ನನಗೆ ತಿಳಿಯಿತು, ಅದನ್ನು ಇಟ್ಟವನು ಯಾರು ಮತ್ತು ಯಾರಿಗೆ. ಅವ್ವ ಟಬ್ಬಿನ ಕಡೆ ನೋಡುತ್ತಿದ್ದಳು. ಹುಳ ನೀರಿನಲ್ಲಿ ಅಲುಗಾಡದೆ ಇತ್ತು.

“ಅವಗ ಕಾಗದ ಬರೀಲಿಕ್ಕಿ ಬರ್ತಿರಲಿಲ್ಲ,” ಅಂದಳು ಅವ್ವ.

ಹೊರಗೆ ಮಗಳು ಫೋನಿನಲ್ಲಿ ನಗುತ್ತಿದ್ದಳು. ಅವ್ವ ನನ್ನ ಕಡೆ ತಿರುಗಿದಳು.

“ಎಷ್ಟುದ್ದ ಇತ್ತು ಅದು?”

ನಾನು ಹೆಬ್ಬೆರಳು ಮತ್ತು ತೋರುಬೆರಳು ಅಗಲಿಸಿ ತೋರಿಸಿದೆ. ಅವ್ವ ತನ್ನ ಕೈ ತಂದು, ಬೆರಳುಗಳನ್ನು ನನ್ನ ಬೆರಳುಗಳಿಗೆ ಹಚ್ಚಿ ಅಳತೆ ತೆಗೆದುಕೊಂಡಳು. ಆಮೇಲೆ ಆ ಕೈಯನ್ನು, ಅಳತೆ ಕೆಡದ ಹಾಗೆ, ಮಡಿಲಲ್ಲಿ ಇಟ್ಟುಕೊಂಡಳು.